ತುಕ್ಕು ಹೋದರೂ ಉಪ್ಪು ಉಳಿಯುತ್ತದೆ

ಪ್ರಶ್ನೆ: ಸಣ್ಣ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದೇನೆ. ಟ್ರ್ಯಾಕ್ಟರ್ ಟ್ರೇಲರಿಗೆ ತಳ ಹಾಕಲು ತಂದ 8x4 ಅಡಿಯ, 3 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಶೀಟುಗಳು ಮಳೆಗಾಲವಿಡೀ ಹೊರಗೇ ಇದ್ದು ತುಕ್ಕು ಹಿಡಿದಿವೆ. ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವಷ್ಟು ದುಡ್ಡಿಲ್ಲ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುರಿದರೆ ಸಾಕೆನ್ನುತ್ತಾರೆ. ಹೌದೇ?
– ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ದಯವಿಟ್ಟು ಆ ಆ್ಯಸಿಡ್ ಮುಟ್ಟಬೇಡಿ. ತುಕ್ಕನ್ನು ಬೇಗ ತಿನ್ನುತ್ತದೆ, ನಿಜ. ಆದರೆ ಅದರ ಹೊಗೆ ನಿಮ್ಮ ಎದೆಗೂ ಕೆಟ್ಟದ್ದು, ಶೆಡ್ಡಿನಲ್ಲಿರುವ ಡ್ರಿಲ್, ವೈಸ್‌ಗೂ ಕೆಟ್ಟದ್ದು. ಒಂದೇ ರಾತ್ರಿಯಲ್ಲಿ ಅವೂ ಕೆಂಪಾಗುತ್ತವೆ. ಅದಕ್ಕಿಂತ ಮುಖ್ಯ, ಅದು ಕಬ್ಬಿಣದ ಮೇಲೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಬಿಟ್ಟುಹೋಗುತ್ತದೆ. ನಿಮ್ಮ ಕಡಲಗಾಳಿ ತಂದು ಹಾಕುವುದೂ ಅದನ್ನೇ.

ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದಾಗ ನಾನು ಕಂಡ ತುಕ್ಕು ಬೇರೆ, ಆಮೇಲೆ ಮಲ್ಪೆಯಲ್ಲಿ ಬೋಟ್ ರಿಪೇರಿ ಮಾಡುವಾಗ ಕಂಡದ್ದು ಬೇರೆ. ಕರಾವಳಿಯ ತುಕ್ಕಿನಡಿಯ ಸಣ್ಣ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ. ಅದು ತೇವ ಎಳೆದುಕೊಂಡು ಬಣ್ಣದ ಕೆಳಗೇ ಮತ್ತೆ ತುಕ್ಕು ಎಬ್ಬಿಸುತ್ತದೆ. ಹಾಗಾಗಿ ಮೊದಲು ಹಾಳೆಹಾಳೆಯಾಗಿ ಎದ್ದದ್ದನ್ನು ಉಳಿ, ತಂತಿ ಬ್ರಷ್‌ನಿಂದ ಕೆರೆದು, ಶೀಟನ್ನು ಸಿಹಿನೀರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಬಾವಿ ನೀರು ಉಪ್ಪಾಗಿದ್ದರೆ ಬೇಡ.

ಆಮೇಲೆ ಸಿಟ್ರಿಕ್ ಆ್ಯಸಿಡ್. ಶರಬತ್ತಿಗೆ ಹಾಕುವ ನಿಂಬೆ ಉಪ್ಪು ಅದೇ. ಸಗಟು ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಇಷ್ಟು ದೊಡ್ಡ ಶೀಟು ಮುಳುಗುವ ಪಾತ್ರೆ ಎಲ್ಲಿ ಅಂತೀರಾ? ಸಮತಟ್ಟಾದ ನೆಲದ ಮೇಲೆ ಶೀಟಿಗಿಂತ ತುಸು ದೊಡ್ಡದಾಗಿ ಹಲಗೆಯ ಚೌಕಟ್ಟು ಇಟ್ಟು, ತೂತಿಲ್ಲದ ಟಾರ್ಪಾಲ್ ಹಾಸಿ. ಒಂದಿಂಚು ನೀರಿಗೆ ಸುಮಾರು 80 ಲೀಟರ್ ಬೇಕು. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 4 ಕಿಲೋ. ಒಂದು ಶೀಟು ಸುಮಾರು 70 ಕಿಲೋ ತೂಗುತ್ತದೆ, ಒಬ್ಬರೇ ಎತ್ತಬೇಡಿ. ಮೊನಚು ಅಂಚನ್ನು ಮೊದಲೇ ಫೈಲಿನಿಂದ ಉಜ್ಜಿ, ಇಲ್ಲದಿದ್ದರೆ ಟಾರ್ಪಾಲ್ ಹರಿಯುತ್ತದೆ. ಸಂಜೆ ಇಳಿಸಿ ಬೆಳಿಗ್ಗೆ ನೋಡಿ. ತುಕ್ಕು ಕಪ್ಪಗೆ ಮೆತ್ತಗಾಗಿ ಬ್ರಷ್‌ಗೆ ಬಿಡುತ್ತದೆ. ಬಿಡದಿದ್ದರೆ ಇನ್ನೊಂದಿಷ್ಟು ಹೊತ್ತು ಇರಲಿ, ಆದರೆ ದಿನಗಟ್ಟಲೆ ಬಿಟ್ಟರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಅದೇ ದ್ರಾವಣ ಮುಂದಿನ ಶೀಟುಗಳಿಗೂ ಆಗುತ್ತದೆ. ಕೆಲಸ ನಿಧಾನವಾದರೆ ಸ್ವಲ್ಪ ಪುಡಿ ಸೇರಿಸಿ. ಕೈಗವಸು, ಕನ್ನಡಕ ಇರಲೇಬೇಕು.

ಮಂಡ್ಯದ ಕಡೆಯವರಾದರೆ ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿಯೂ ನೆನೆಸಬಹುದು. ಅದಕ್ಕೆ ವಾರಗಳೇ ಬೇಕು, ವಾಸನೆಯೂ ಜೋರು.

ತೆಗೆದ ಮೇಲೆ ತಡ ಮಾಡಬೇಡಿ. ವಾಷಿಂಗ್ ಸೋಡಾ ನೀರು, ಮತ್ತೆ ಸಿಹಿನೀರು, ಬಟ್ಟೆಯಿಂದ ಒರೆಸಿ ಬಿಸಿಲಿಗೆ. ನಿಮ್ಮ ಊರ ಗಾಳಿಯಲ್ಲಿ ಗಂಟೆಯೊಳಗೇ ಹಳದಿ ತುಕ್ಕು ಏರಬಹುದು. ರೆಡ್ ಆಕ್ಸೈಡ್ ಪ್ರೈಮರ್ ಅದೇ ದಿನ ಬೀಳಬೇಕು. ಬೆಸುಗೆ ಹಾಕುವ ಅಂಚಿನಲ್ಲಿ ಎರಡು ಬೆರಳಗಲ ಬಿಟ್ಟು ಬಳಿಯಿರಿ, ಅಲ್ಲಿಗೆ ವೆಲ್ಡಿಂಗ್ ಮುಗಿದ ಕೂಡಲೇ ಹಚ್ಚಿದರಾಯಿತು. ಉಳಿದ ದ್ರಾವಣಕ್ಕೆ ನೊರೆ ಏಳುವುದು ನಿಲ್ಲುವ ತನಕ ವಾಷಿಂಗ್ ಸೋಡಾ ಹಾಕಿ, ಬಾವಿಯಿಂದ, ತೆಂಗಿನ ಬುಡದಿಂದ ದೂರ ಚೆಲ್ಲಿ.

ತುಕ್ಕು ಹೋದ ಮೇಲೆ ಗುಳಿಗಳ ಆಳ ನೋಡಲು ಮರೆಯಬೇಡಿ. ಒಂದು ಮಿ.ಮೀ. ತಿಂದಿದ್ದರೆ ಆ ಶೀಟು ಕಲ್ಲು, ಜಲ್ಲಿ ಹೊರುವ ತಳಕ್ಕೆ ಬೇಡ. ಟ್ರೇಲರಿನ ಪಕ್ಕದ ಬಾಗಿಲಿಗೆ ಹಾಕಿ.