“ಏನೂ ಇಲ್ಲ” ಎಂದ ಮೇಲೂ ಉಳಿದ ನೋವು

ಹೊಸನಗರ ತಾಲ್ಲೂಕಿನ ಓದುಗರೊಬ್ಬರು, ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನೋಟ್‌ಬುಕ್ಕಿನ ಮೂರು ಹಾಳೆಗಳಷ್ಟು ಪತ್ರ ಬರೆದಿದ್ದಾರೆ. ವಯಸ್ಸು 43. ನಾಲ್ಕು ತಿಂಗಳಿನಿಂದ ಎಡ ಸ್ತನದ ಹೊರಬದಿಯಲ್ಲಿ, ಕಂಕುಳಿನ ಕಡೆಗೆ, ಒಮ್ಮೆ ಚುಚ್ಚಿದಂತೆ, ಒಮ್ಮೆ ಭಾರ ಕಟ್ಟಿದಂತೆ ನೋವು. ಮೊದಲು ಹೋದ ಕಡೆ ಎದೆನೋವು ಎಂದಾಗ ಇಸಿಜಿ ಮಾಡಿ, ಗ್ಯಾಸ್ಟ್ರಿಕ್ ಎಂದು 15 ದಿನದ ಮಾತ್ರೆ ಕೊಟ್ಟರು. ಎರಡನೆಯ ಕಡೆ ಸ್ತನದ ಅಲ್ಟ್ರಾಸೌಂಡ್ ಮಾಡಿಸಿ “ಏನೂ ಇಲ್ಲ” ಎಂದರು. ನೋವು ಹೋಗದೆ ಮತ್ತೆ ಹೋದಾಗ “ಮನಸ್ಸಿಗೆ ಹಚ್ಚಿಕೊಂಡಿದ್ದೀರಿ” ಎಂಬ ಮಾತು ಬಂತು. ದೊಡ್ಡಮ್ಮ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು. ಮನೆಯವರಿಗೆ ಇನ್ನೂ ತಿಳಿಸಿಲ್ಲ. “ಏನೂ ಇಲ್ಲದಿದ್ದರೆ ನೋಯುತ್ತಿರುವುದು ಏನು? ಇನ್ನೊಮ್ಮೆ ಡಾಕ್ಟರ ಹತ್ತಿರ ಹೋದರೆ ನಗುತ್ತಾರೇನೋ” ಎಂಬುದು ಪತ್ರದ ಕೊನೆಯ ಸಾಲು.

ಸಂಪಾದಕರ ಉತ್ತರ:

ಸಹೋದರಿ,

ನಿಮ್ಮ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ವೈದ್ಯರು “ಏನೂ ಇಲ್ಲ” ಎಂದದ್ದು, ಸ್ಕ್ಯಾನಿನಲ್ಲಿ ಗಂಟು ಕಾಣುತ್ತದೆಯೇ ಎಂದು ಅವರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆಗೆ ಉತ್ತರ. ನೀವು ಕೇಳಿದ್ದು ಏಕೆ ನೋಯುತ್ತಿದೆ ಎಂದು. ಆ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ. ಮೊದಲನೆಯದಕ್ಕೆ ಒಳ್ಳೆಯ ಉತ್ತರ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ, ಅದಕ್ಕಾಗಿ ಒಂದಿಷ್ಟು ನಿರಾಳವಾಗಿ ಉಸಿರಾಡಿ. ಆದರೆ ಎರಡನೆಯದನ್ನು ಮತ್ತೊಮ್ಮೆ ಕೇಳಲು ಸಂಕೋಚ ಪಡಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ನಾನು ವೈದ್ಯೆಯಲ್ಲ. ಆದ್ದರಿಂದ ಈ ಉತ್ತರವನ್ನು ಅಚ್ಚಿಗೆ ಕಳುಹಿಸುವ ಮೊದಲು ಪರಿಚಯದ ಶಸ್ತ್ರವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು “ಎದೆನೋವು” ಎಂಬ ಮಾತು. ಕನ್ನಡದಲ್ಲಿ ಎದೆ ಎಂದರೆ ಹೃದಯವೂ ಹೌದು, ಪಕ್ಕೆಲುಬಿನ ಗೂಡೂ ಹೌದು, ಧೈರ್ಯವೂ ಹೌದು, ಹೆಂಗಸರು ತಮ್ಮತಮ್ಮಲ್ಲಿ ಮಾತನಾಡುವಾಗ ಸ್ತನವೂ ಹೌದು. ಸ್ತನ ಎಂಬುದು ಪುಸ್ತಕದ ಪದ, ನಾಲಿಗೆಗೆ ಬರುವುದಿಲ್ಲ. ಆಡುಮಾತಿನ ಪದವನ್ನು ಮಗು ಹಾಲು ಬಿಟ್ಟ ಮೇಲೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನಲವತ್ತು ದಾಟಿದ ಹೆಂಗಸು ಎಡಗಡೆ ಎದೆನೋವು ಎಂದರೆ ಇಸಿಜಿ ಮಾಡುವುದು ಸರಿಯಾದ ಕ್ರಮವೇ, ಅದಕ್ಕೆ ನಾನು ತಪ್ಪು ಹುಡುಕುವುದಿಲ್ಲ. ಇಸಿಜಿ ಸರಿಯಿದ್ದರೆ ಮುಂದಿನ ಮಾತು ಗ್ಯಾಸ್ಟ್ರಿಕ್ ಎಂಬುದೂ ನಮ್ಮಲ್ಲಿ ನಡೆದು ಬಂದ ರೂಢಿ. ನೀವು ಹೇಳದೆ ಉಳಿಸಿದ ಒಂದು ಪದದಿಂದಾಗಿ ಹದಿನೈದು ದಿನ ಹೊಟ್ಟೆಗೆ ಔಷಧಿ ತಿಂದಿರಿ. ಕೊಟ್ಟಿಗೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ಬೆಳಿಗ್ಗೆ ಪಶುವೈದ್ಯರಿಗೆ ಫೋನು ಮಾಡಿ, ಯಾವ ಮೊಲೆ ಗಟ್ಟಿಯಾಗಿದೆ, ಹಾಲು ಒಡೆದಂತೆ ಬರುತ್ತಿದೆಯೇ, ಮುಟ್ಟಿದರೆ ಒದೆಯುತ್ತದೆಯೇ ಎಂದು ಜಗುಲಿಯಲ್ಲಿ ನಿಂತು ಹತ್ತು ಜನರ ಎದುರಿಗೆ ವಿವರಿಸುವ ಮನೆಗಳು ನಮ್ಮವು. ಮುಂದಿನ ಸಲ ಬಾಯಿ ಬರದಿದ್ದರೆ “ಎಡ ಸ್ತನದಲ್ಲಿ ನೋವು, ನಾಲ್ಕು ತಿಂಗಳು” ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಪರೀಕ್ಷೆಯ ವೇಳೆ ನೋಯುವ ಜಾಗದ ಮೇಲೆ ನಿಮ್ಮ ಬೆರಳನ್ನೇ ಇಟ್ಟು ತೋರಿಸಿ. ಒಂದು ಬೆರಳು ಸಾಕೋ, ಇಡೀ ಅಂಗೈ ಬೇಕೋ ಎಂಬುದರಿಂದಲೇ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ.

ಎಂಟು ವರ್ಷದ ಹಿಂದೆ ನಾನೂ ಇಂಥದೇ ನೋವು ಹೊತ್ತು ತಿರುಗಿದವಳು. ಮೊದಲು ಹೋದ ಆಸ್ಪತ್ರೆಯಲ್ಲಿ ಪರದೆಯೂ ಇರಲಿಲ್ಲ. ಸೆರಗಿನ ಮೇಲಿನಿಂದಲೇ ಎರಡು ಕಡೆ ಮುಟ್ಟಿ ನೋಡಿ ಚೀಟಿ ಬರೆದು ಕಳುಹಿಸಿದರು. ಮೂರು ತಿಂಗಳ ನಂತರ ಸಿಕ್ಕ ಹಿರಿಯ ವೈದ್ಯೆಯೊಬ್ಬರು ಸ್ತನಗಳನ್ನೂ ಎರಡು ಕಂಕುಳನ್ನೂ ಸಾವಕಾಶವಾಗಿ ಪರೀಕ್ಷಿಸಿದ ಮೇಲೆ, ಎದೆಯ ನಡುವಿನ ಮೂಳೆಯ ಅಂಚಿನುದ್ದಕ್ಕೂ ತೋರುಬೆರಳಿನಿಂದ ಒಂದೊಂದೇ ಪಕ್ಕೆಲುಬಿನ ಬುಡವನ್ನು ಒತ್ತುತ್ತಾ ಬಂದರು. ಒಂದು ಕಡೆ ಬೆರಳು ಊರಿದಾಗ ನಾನು ಮಂಚದಿಂದ ಎದ್ದೇ ಕುಳಿತೆ. “ಇದೇನಾ ನಿಮ್ಮ ನೋವು?” ಎಂದರು. ಅದೇ ಆಗಿತ್ತು. ಪಕ್ಕೆಲುಬು ಎದೆಮೂಳೆಗೆ ಸೇರುವ ಮೆದು ಎಲುಬಿನ ಉರಿಯೂತ. ಕಾಸ್ಟೋಕಾಂಡ್ರೈಟಿಸ್ ಎಂದು ಅದರ ಹೆಸರು. ಸ್ತನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ, ಸ್ತನ ಅದರ ಮೇಲೆ ಕುಳಿತಿತ್ತು ಅಷ್ಟೇ. ನಿಮ್ಮದೂ ಅದೇ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನೀವು ಹೇಳುವ ಜಾಗವೇ ಬೇರೆ. ಯಂತ್ರ ಹುಡುಕದ ಕಾರಣವನ್ನು ಕೆಲವೊಮ್ಮೆ ಬೆರಳು ಹುಡುಕುತ್ತದೆ ಎಂಬುದಕ್ಕೆ ಬರೆದೆ.

ಸ್ತನದ ನೋವಿಗೆ ವೈದ್ಯರು ಮ್ಯಾಸ್ಟಾಲ್ಜಿಯಾ ಎನ್ನುತ್ತಾರೆ. ಹತ್ತು ಹೆಂಗಸರಲ್ಲಿ ಏಳು ಮಂದಿಯವರೆಗೆ ಬದುಕಿನಲ್ಲಿ ಒಮ್ಮೆಯಾದರೂ ಅನುಭವಿಸುವ ತೊಂದರೆ ಇದು. ಇದರಲ್ಲಿ ಹೆಚ್ಚಿನ ಪಾಲು ಮುಟ್ಟಿನ ಚಕ್ರಕ್ಕೆ ಹೊಂದಿಕೊಂಡಿರುತ್ತದೆ: ಮುಟ್ಟಿಗೆ ವಾರ ಹತ್ತು ದಿನ ಮೊದಲು ಎರಡೂ ಸ್ತನಗಳು ಬಿಗಿದು, ಭಾರವಾಗಿ, ಕಂಕುಳಿನವರೆಗೂ ನೋಯುತ್ತವೆ, ಮುಟ್ಟು ಬಂದೊಡನೆ ಇಳಿಯುತ್ತವೆ. ಮುಟ್ಟು ಏರುಪೇರಾಗುವ ನಿಮ್ಮ ವಯಸ್ಸಿನಲ್ಲಿ ಈ ಲೆಕ್ಕ ತಪ್ಪುವುದೂ ಉಂಟು. ಚಕ್ರಕ್ಕೆ ಸಂಬಂಧವಿಲ್ಲದೆ ಒಂದೇ ಜಾಗದಲ್ಲಿ ಬರುವ ನೋವಿಗೆ ಸ್ತನದೊಳಗಿನ ನೀರುಗುಳ್ಳೆ, ಹಳೆಯ ಪೆಟ್ಟು, ಸೋಂಕು ಕಾರಣವಾಗಬಹುದು. ಗರ್ಭನಿರೋಧಕ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು, ವಾಂತಿ ಮತ್ತು ಹೊಟ್ಟೆಯುಬ್ಬರಕ್ಕೆ ಧಾರಾಳವಾಗಿ ಬರೆಯುವ ಡಾಂಪೆರಿಡೋನ್ ಕೂಡ ಸ್ತನವನ್ನು ನೋಯಿಸಬಲ್ಲವು. ನಿಮಗೆ ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ ಮನೆಯಲ್ಲಿದ್ದರೆ ಹೆಸರು ಓದಿ ನೋಡಿ. ಮೂರನೆಯ ಬಗೆಯ ನೋವು ಸ್ತನದ್ದೇ ಅಲ್ಲ. ಹಿಂದಿನ ಸ್ನಾಯು, ಪಕ್ಕೆಲುಬು ಅಥವಾ ಕುತ್ತಿಗೆಯ ನರದಿಂದ ಬಂದದ್ದು. ಸರ್ಪಸುತ್ತು ಕೂಡ ಗುಳ್ಳೆ ಏಳುವ ಕೆಲವು ದಿನ ಮೊದಲೇ ಉರಿಯನ್ನು ಕಳುಹಿಸುತ್ತದೆ, ಆದರೆ ನಾಲ್ಕು ತಿಂಗಳ ನಿಮ್ಮ ಕಥೆಗೆ ಅದು ಹೊಂದುವುದಿಲ್ಲ.

ನೋವು ಶುರುವಾದದ್ದು ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಎಂದು ನೀವು ಹಾಳೆಯ ಅಂಚಿನಲ್ಲಿ, ಮರೆತದ್ದನ್ನು ಸೇರಿಸುವಂತೆ, ಸಣ್ಣದಾಗಿ ಬರೆದಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಬಾಗಿ ಕುಳಿತು, ಎರಡೂ ಕೈಗಳಿಂದ ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಒತ್ತಿ ಸುಲಿಯುವಾಗ ಕೆಲಸ ಮಾಡುವುದು ಬೆರಳಿಗಿಂತ ಹೆಚ್ಚಾಗಿ ಎದೆಯ ಮತ್ತು ಭುಜದ ಸ್ನಾಯುಗಳು. ಹಂಡೆಯಿಂದ ಬೆಂದ ಅಡಿಕೆ ಎತ್ತಿ ಅಟ್ಟಕ್ಕೆ ಸಾಗಿಸಿದ್ದೂ ನೀವೇ ಎಂದಿದ್ದೀರಿ. ಸುಲಿತ ಮುಗಿದ ಮೇಲೂ ನೋವು ಉಳಿದಿರುವುದರಿಂದ ಅದೊಂದೇ ಕಾರಣವೆನ್ನುವ ಧೈರ್ಯ ನನಗಿಲ್ಲ. ಆದರೆ ವೈದ್ಯರು ಕೇಳದಿದ್ದರೂ ಇದನ್ನು ಹೇಳಬೇಕು, ಏಕೆಂದರೆ ಹೊರಬದಿಯ ನೋವಿದ್ದಾಗ ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಸ್ತನ ಒಂದು ಕಡೆ ಸರಿದ ಮೇಲೆ ಅದರ ಹಿಂದಿನ ಪಕ್ಕೆಯನ್ನು ಪ್ರತ್ಯೇಕವಾಗಿ ಒತ್ತಿ ನೋಡುವ ವಿಧಾನವಿದೆ. ಹಾಗೆ ನೋಡಬಹುದೇ ಎಂದು ನೀವೇ ಕೇಳಿದರೂ ತಪ್ಪಿಲ್ಲ.

ಈಗ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ದೊಡ್ಡಮ್ಮನ ವಿಷಯ. ಗಂಟಿಲ್ಲದೆ, ಚರ್ಮದಲ್ಲಿ ಬದಲಾವಣೆಯಿಲ್ಲದೆ, ಬರೀ ನೋವೊಂದೇ ಇರುವಾಗ ಅದರ ಹಿಂದೆ ಕ್ಯಾನ್ಸರ್ ಇರುವುದು ಅಪರೂಪ. ವಂಶದ ಲೆಕ್ಕದಲ್ಲಿ ತಾಯಿ, ಒಡಹುಟ್ಟಿದವರು, ಮಗಳು ಇವರಿಗಿರುವ ತೂಕ ದೊಡ್ಡಮ್ಮನಿಗೆ ಇಲ್ಲ. ಆದರೂ ಅವರಿಗೆ ಕಾಯಿಲೆ ಬಂದ ವಯಸ್ಸೆಷ್ಟು, ಕುಟುಂಬದಲ್ಲಿ ಬೇರೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದು ತಿಳಿದುಕೊಂಡು ವೈದ್ಯರಿಗೆ ಹೇಳಿ. ಇದಕ್ಕೆ ಇನ್ನೊಂದು ಮಗ್ಗುಲಿದೆ, ನಮ್ಮ ಹೆಂಗಸರು ಹೆಚ್ಚು ಮೋಸ ಹೋಗುವುದು ಅಲ್ಲೇ. ಸ್ತನ ಕ್ಯಾನ್ಸರಿನ ಆರಂಭದ ಗಂಟು ಬಹುಪಾಲು ನೋಯುವುದೇ ಇಲ್ಲ. ನೋಯದ ಗಂಟನ್ನು “ಏನೂ ತೊಂದರೆ ಕೊಡುತ್ತಿಲ್ಲವಲ್ಲ” ಎಂದು ವರ್ಷಗಟ್ಟಲೆ ರವಿಕೆಯೊಳಗೆ ಇಟ್ಟುಕೊಂಡು ಬಂದವರನ್ನು ನಾನು ಬಲ್ಲೆ. ಗಟ್ಟಿ ಗಂಟು ಕೈಗೆ ಸಿಕ್ಕರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ಅಥವಾ ಗುಳಿ ಬಿದ್ದರೆ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ತಾನಾಗಿ ರಕ್ತ ಅಥವಾ ನೀರು ಬಂದರೆ, ಕಂಕುಳಲ್ಲಿ ಗಡ್ಡೆ ಎದ್ದರೆ ಕಾಯಬೇಡಿ, ಅದೇ ವಾರ ಹೋಗಿ. ಜ್ವರದ ಜೊತೆ ಸ್ತನ ಕೆಂಪಾಗಿ ಬಿಸಿಯಾದರೆ ಮರುದಿನಕ್ಕೂ ಬಿಡಬೇಡಿ. ಘಟ್ಟ ಹತ್ತುವಾಗ, ನೀರು ಹೊರುವಾಗ ಎದೆ ಹಿಂಡಿದಂತಾಗಿ ಬೆವರು, ಏದುಸಿರು, ದವಡೆ ಅಥವಾ ತೋಳಿನ ಸೆಳೆತ ಜೊತೆಯಾದರೆ ಅದು ಹೃದಯದ ಮಾತು. ಹಳೆಯ ಇಸಿಜಿ ಸರಿಯಿತ್ತೆಂದು ಕೂರದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ನಿಮಗೆ ಆಗಿರುವುದು ಅಲ್ಟ್ರಾಸೌಂಡ್ ಮಾತ್ರ. ನಲವತ್ತು ದಾಟಿದವರಿಗೆ ಒಂದೇ ಜಾಗದಲ್ಲಿ ಬಿಡದೆ ನೋಯುತ್ತಿದ್ದರೆ ಸಾಮಾನ್ಯವಾಗಿ ಮ್ಯಾಮೊಗ್ರಾಮ್ ಕೂಡ ಮಾಡಿಸುತ್ತಾರೆ. ಸ್ತನವನ್ನು ಎರಡು ಹಲಗೆಗಳ ನಡುವೆ ಕೆಲವು ಸೆಕೆಂಡು ಅದುಮಿ ತೆಗೆಯುವ ಎಕ್ಸ್‌ರೇ ಅದು. ಮುಟ್ಟು ಮುಗಿದ ವಾರದಲ್ಲಿ ಮಾಡಿಸಿಕೊಂಡರೆ ನೋವು ಕಡಿಮೆ. ನಿಮಗೆ ಅದು ಬೇಕೇ ಎಂದು ಕೇಳಿ. ಹೋಗಬೇಕಾದದ್ದು ಯಾರ ಬಳಿ ಎಂಬುದರಲ್ಲೂ ನಮ್ಮಲ್ಲಿ ಗೊಂದಲವಿದೆ. ಹೆಂಗಸರ ತೊಂದರೆಯೆಂದು ಎಲ್ಲರೂ ಹೆರಿಗೆ ವೈದ್ಯರ ಸಾಲಿನಲ್ಲಿ ನಿಲ್ಲುತ್ತಾರೆ, ಆದರೆ ಸ್ತನದ ಕಾಯಿಲೆಗಳನ್ನು ನೋಡುವುದು ಜನರಲ್ ಸರ್ಜರಿ ವಿಭಾಗ. ನಿಮಗೆ ತಾಲ್ಲೂಕು ಆಸ್ಪತ್ರೆಯಾಗಲಿ, ಶಿವಮೊಗ್ಗದ ಮೆಗ್ಗಾನ್ ಆಗಲಿ, ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದಾಗಲಿ, ಎಲ್ಲಿಯೂ ಕೇಳಬೇಕಾದದ್ದು ಸರ್ಜರಿ ಹೊರರೋಗಿ ಕೊಠಡಿಯನ್ನು. ಗಂಡಸು ವೈದ್ಯರಿದ್ದರೆ ಪರೀಕ್ಷೆಯ ವೇಳೆ ನರ್ಸ್ ಒಬ್ಬರು ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ.

ಚಿಕಿತ್ಸೆಯ ಮಾತಿಗೆ ಬರೋಣ. ಕ್ಯಾನ್ಸರಲ್ಲ ಎಂದು ಖಚಿತವಾದ ಮೇಲೆ ಬಹಳ ಮಂದಿಯಲ್ಲಿ ನೋವು ತಾನಾಗಿ ತಗ್ಗುತ್ತದೆ. ಇದನ್ನು ಕೇಳಿ ನೋವು ಸುಳ್ಳಾಗಿತ್ತೆಂದು ತಿಳಿಯಬೇಡಿ, ಹೆದರಿಕೆ ಯಾವ ನೋವನ್ನಾದರೂ ದೊಡ್ಡದು ಮಾಡುತ್ತದೆ. ಉಳಿದವರಿಗೆ ಮೊದಲ ಔಷಧಿ ಸರಿಯಾಗಿ ಹೊಂದುವ, ಅಗಲ ಪಟ್ಟಿಯ ಬ್ರಾ. ಗಾಂಧಿ ಬಜಾರಿನ ಅಂಗಡಿಯಲ್ಲಿ ತಲೆ ತಗ್ಗಿಸಿ ಹಳೆಯ ಅಳತೆಯನ್ನೇ ಹೇಳಿ, ಅವರು ಪತ್ರಿಕೆಯಲ್ಲಿ ಸುತ್ತಿ ಕೊಟ್ಟದ್ದನ್ನು ಚೀಲದ ತಳಕ್ಕೆ ತುರುಕಿಕೊಂಡು ಬರುವ ನಾವು, ಇಪ್ಪತ್ತೈದರ ಅಳತೆಯನ್ನು ನಲವತ್ತೈದರಲ್ಲೂ ತೊಡುತ್ತಿರುತ್ತೇವೆ. ಟೇಪು ಹಿಡಿದು ಹೊಸದಾಗಿ ಅಳೆದುಕೊಳ್ಳಿ. ನೋಯುವ ಜಾಗಕ್ಕೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ಲಿನಿಂದ ಹಲವರಿಗೆ ಗುಣ ಕಂಡಿದೆ. ನುಂಗುವ ನೋವಿನ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ವಾರಗಟ್ಟಲೆ ತಿನ್ನಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಒಳ್ಳೆಯದಲ್ಲ. ಲಕ್ಕಿ ಸೊಪ್ಪಿನ ಬಿಸಿ ಶಾಖ ಹೇಳುವವರಿದ್ದಾರೆ. ಸ್ನಾಯುವಿನ ನೋವಿಗೆ ಹದವಾದ ಶಾಖ ಹಿತವೇ, ಚರ್ಮ ಸುಡದಂತೆ ನೋಡಿಕೊಳ್ಳಿ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಗುಳಿಗೆಯನ್ನು ಈಗಲೂ ಬರೆಯುತ್ತಾರೆ, ಬೆಲೆಯೂ ಕಡಿಮೆಯಲ್ಲ. ಪರೀಕ್ಷೆಗಿಟ್ಟಾಗ ಅದು ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಕಾಫಿ ಬಿಟ್ಟರೆ ವಾಸಿ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ, ಕಾಫಿಯ ಸೀಮೆಯಲ್ಲಿ ಕುಳಿತು ಇದನ್ನು ಬರೆಯಲು ನನಗೆ ಸಂತೋಷವೇ. ಇಷ್ಟಕ್ಕೂ ಬಗ್ಗದೆ ಆರು ತಿಂಗಳು ಮೀರಿದ ತೀವ್ರ ನೋವಿಗೆ ಹಾರ್ಮೋನಿನ ಮೇಲೆ ಕೆಲಸ ಮಾಡುವ ಮಾತ್ರೆಗಳಿವೆ. ಅವುಗಳಲ್ಲಿ ಒಂದಾದ ಆರ್ಮೆಲಾಕ್ಸಿಫೆನ್ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ, 1991ರಲ್ಲಿ ‘ಸಹೇಲಿ’ ಎಂಬ ಗರ್ಭನಿರೋಧಕವಾಗಿ ಬಂದದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ಹೆಸರಿನಲ್ಲಿ ಕೊಡುವ ಮಾತ್ರೆಯೂ ಅದೇ. ನೆರೆಮನೆಯವರ ಬಳಿ ಇದೆಯೆಂದು ತಂದು ನುಂಗುವಂಥದ್ದಲ್ಲ, ಮುಟ್ಟಿನ ಕ್ರಮವನ್ನೇ ಬದಲಿಸಬಲ್ಲದು.

ಮನೆಯವರಿಗೆ ಹೇಳಿಲ್ಲ ಎಂಬುದಕ್ಕೆ ನಾನು ಉಪದೇಶ ಮಾಡಲಾರೆ, ಆ ಮನೆಯ ಹವೆ ನಿಮಗೆ ಗೊತ್ತು. ಒಬ್ಬರೇ ಹೋಗಬೇಡಿ ಎಂದಷ್ಟೇ ಹೇಳುತ್ತೇನೆ. ಅಕ್ಕನೋ ನಾದಿನಿಯೋ ಊರಿನ ಆಶಾ ಕಾರ್ಯಕರ್ತೆಯೋ ಜೊತೆಗಿದ್ದರೆ ವೈದ್ಯರು ಹೇಳಿದ್ದರಲ್ಲಿ ನೀವು ಗಾಬರಿಯಲ್ಲಿ ಬಿಟ್ಟದ್ದು ಅವರ ಕಿವಿಗೆ ಬಿದ್ದಿರುತ್ತದೆ.

ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದೇ ಇರುತ್ತದೆ. ಇವತ್ತಿನಿಂದ ಅದರಲ್ಲೇ ನೋವಿನ ಲೆಕ್ಕವನ್ನೂ ಇಡಿ: ನೋವಿಲ್ಲದ ದಿನ ಖಾಲಿ, ಸ್ವಲ್ಪವಿದ್ದರೆ ಒಂದು ಚುಕ್ಕೆ, ಕೆಲಸ ಬಿಟ್ಟು ಕೂರುವಷ್ಟಿದ್ದರೆ ಮೂರು, ಮುಟ್ಟಿನ ದಿನಗಳಿಗೆ ಅಡ್ಡಗೆರೆ, ಭಾರ ಎತ್ತಿದ ದಿನಕ್ಕೆ ಯಾವುದಾದರೂ ಗುರುತು. ಎರಡು ಮೂರು ತಿಂಗಳ ಚುಕ್ಕೆಗಳನ್ನು ಒಟ್ಟಿಗೆ ನೋಡಿದರೆ ಚಕ್ರವಿದೆಯೋ ಇಲ್ಲವೋ ಎಂಬುದು ಯಾವ ಸ್ಕ್ಯಾನಿಗಿಂತ ಚೆನ್ನಾಗಿ ಕಾಣುತ್ತದೆ. ಹಾಗೆಂದು ಅದು ತುಂಬುವವರೆಗೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಹೋಗುವ ದಿನಕ್ಕೆ ಎಷ್ಟಾಗಿದೆಯೋ ಅಷ್ಟನ್ನು ತೋರಿಸಿ, ಉಳಿದದ್ದನ್ನು ಮುಂದಿನ ಭೇಟಿಗೆ ಒಯ್ಯಿರಿ. ಹಳೆಯ ಸ್ಕ್ಯಾನ್ ವರದಿ, ಇಸಿಜಿ, ತಿಂದ ಮಾತ್ರೆಗಳ ಖಾಲಿ ಪಟ್ಟಿ, ಆಧಾರ್, ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ. ಕ್ಯಾಲೆಂಡರಿನ ಹಾಳೆಯನ್ನು ಹರಿದುಕೊಂಡು ಹೋಗುವ ಮೊದಲು ಹಾಲಿನ ಲೆಕ್ಕವನ್ನು ಬೇರೆ ಕಡೆ ನಕಲು ಮಾಡಿಡಲು ಮರೆಯಬೇಡಿ.