ಒಂದೇ ಒಂದು ಕೂದಲು ನೋಡಿ ಪ್ರಾಣಿ ಏನು ತಿಂದಿತ್ತು ಅಂತ ಹೇಳೋಕೆ ಆಗುತ್ತಾ?

ಲದ್ದಿ ನೋಡಿದರೇ ಗೊತ್ತಾಗುವಾಗ ಐಸೋಟೋಪ್ ಪರೀಕ್ಷೆ ಯಾಕೆ, ಅದರಲ್ಲಿ ವಿಕಿರಣದ ಅಪಾಯ ಇಲ್ವಾ, ನಮ್ಮೂರಿಗೆ ಬರುವ ಆನೆಗಳು ರಾಗಿ ತಿನ್ನುವುದನ್ನು ಇದರಿಂದ ಪತ್ತೆ ಮಾಡಬಹುದಾ ಅಂತ ಕೇಳಿದ್ದೀರಿ.

ವಿಕಿರಣದ ಭಯ ಬೇಡ. ಐಸೋಟೋಪ್ ಅಂದರೆ ಒಂದೇ ಮೂಲವಸ್ತುವಿನ, ಭಾರ ಮಾತ್ರ ಬೇರೆ ಇರುವ ಪರಮಾಣುಗಳು. ಇವು ವಿಕಿರಣ ಸೂಸದ ಸ್ಥಿರ ಐಸೋಟೋಪ್‌ಗಳು, ನಿಮ್ಮ ಮೈಯಲ್ಲೂ ಇವೆ. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು ಒಂದು ಸ್ವಲ್ಪ ಭಾರದ್ದು, ಅದೇ ಇಂಗಾಲ-13. ಮರ, ಪೊದೆ, ಭತ್ತ ಈ ಭಾರದ ಇಂಗಾಲವನ್ನು ಕಡಿಮೆ ತೆಗೆದುಕೊಳ್ಳುತ್ತವೆ. ರಾಗಿ, ಜೋಳ, ಕಬ್ಬು ಮತ್ತು ಬಿಸಿನಾಡಿನ ಹೆಚ್ಚಿನ ಹುಲ್ಲುಗಳಲ್ಲಿ ಅದು ಜಾಸ್ತಿ. ಒಂದು ಗೊತ್ತಾದ ಮಾದರಿಗೆ ಹೋಲಿಸಿ ಭಾರದ್ದು ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಅಳೆಯುವ ಲೆಕ್ಕದಲ್ಲಿ ಮೊದಲ ಗುಂಪು ಸುಮಾರು -27, ಎರಡನೆಯದು ಸುಮಾರು -13. ತಿಂದವರ ಮೈಯಲ್ಲೂ ಈ ವ್ಯತ್ಯಾಸ ಉಳಿಯುತ್ತದೆ.

ಇನ್ನು ಲದ್ದಿಯ ಮಾತು. ಬಾಯಿಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲ ಅಲ್ವಾ? ಲದ್ದಿಯಲ್ಲಿ ಕಾಣುವುದು ಒಂದೆರಡು ದಿನದ ಊಟ, ಅದೂ ಅರಗದೆ ಉಳಿದ ಭಾಗ. ಐಸೋಟೋಪ್ ಹೇಳುವುದು ಮೈಗೆ ಹತ್ತಿದ್ದನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಆನೆಗಳ ಮೂಳೆಯ ಕೊಲಾಜೆನ್ ಅನ್ನುವ ಪ್ರೋಟೀನ್ ಪರೀಕ್ಷಿಸಿದ್ದು ನನಗೆ ತುಂಬ ಇಷ್ಟವಾದ ಕೆಲಸ. ಮಳೆಗಾಲದಲ್ಲಿ ಆನೆಗಳು ಹುಲ್ಲಿನಲ್ಲೇ ಮುಳುಗಿರುವುದನ್ನು ಕಣ್ಣಾರೆ ನೋಡಬಹುದು. ಆದರೆ ಮೂಳೆಯಲ್ಲಿ ಸಿಕ್ಕಿದ ಇಂಗಾಲದ ಹೆಚ್ಚಿನ ಪಾಲು ಸೊಪ್ಪು, ಪೊದೆ, ಮರಗಳದ್ದು.

ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದಕ್ಕೆ ಸಾರಜನಕ-15, ಅಂದರೆ ಭಾರದ ಸಾರಜನಕ ಬೇಕು. ದೇಹ ಹಗುರ ಸಾರಜನಕವನ್ನು ಮೂತ್ರದಲ್ಲಿ ಹೆಚ್ಚು ಹೊರಹಾಕುತ್ತದೆ, ಭಾರದ್ದು ಉಳಿಯುತ್ತದೆ. ಹಾಗಾಗಿ ಹುಲ್ಲಿಗಿಂತ ಜಿಂಕೆಯಲ್ಲಿ, ಜಿಂಕೆಗಿಂತ ಹುಲಿಯಲ್ಲಿ ಸಾವಿರಕ್ಕೆ ಸುಮಾರು 3ರಷ್ಟು ಏರುತ್ತದೆ.

ಯಾವ ಭಾಗ ತೆಗೆದುಕೊಂಡೆವು ಅನ್ನುವುದೂ ಮುಖ್ಯ. ಮೂಳೆಯಲ್ಲಿ ವರ್ಷಗಟ್ಟಲೆ ತಿಂದದ್ದರ ಸರಾಸರಿ ಇರುತ್ತದೆ, ಕೂದಲಿನಲ್ಲಿ ಕೊನೆಯ ಕೆಲವು ತಿಂಗಳದ್ದು. 1898ರಲ್ಲಿ ಕೀನ್ಯಾದ ತ್ಸಾವೊದಲ್ಲಿ ರೈಲು ಹಳಿ ಹಾಕುತ್ತಿದ್ದ ಕೆಲಸಗಾರರನ್ನು ಎರಡು ಸಿಂಹಗಳು ತಿಂದವು. ಸತ್ತವರಲ್ಲಿ ಭಾರತದಿಂದ ಹೋದ ಕೂಲಿಗಳೂ ಇದ್ದರು. ಸಿಂಹಗಳನ್ನು ಕೊಂದ ಪ್ಯಾಟರ್ಸನ್ ಆಮೇಲೆ 135 ಜನ ಸತ್ತರು ಅಂತ ಹೇಳಿದ. 2009ರಲ್ಲಿ ಆ ಸಿಂಹಗಳ ಮೂಳೆಯನ್ನೂ ಕೂದಲನ್ನೂ ಹೋಲಿಸಿ ನೋಡಿದಾಗ ತಿಂದದ್ದು ಸುಮಾರು 35 ಜನರನ್ನು ಅಂತ ಅಂದಾಜು ಸಿಕ್ಕಿತು. ಕೊನೆಯ ತಿಂಗಳುಗಳಲ್ಲಿ ಒಂದು ಸಿಂಹ ಇನ್ನೊಂದಕ್ಕಿಂತ ಹೆಚ್ಚು ಮನುಷ್ಯರನ್ನು ತಿಂದಿತ್ತು. ಜೊತೆಯಲ್ಲೇ ಬೇಟೆಯಾಡಿದವು, ಊಟ ಮಾತ್ರ ಒಂದೇ ಆಗಿರಲಿಲ್ಲ.

ಆನೆಯ ಬಾಲದ ಕೂದಲು ಇನ್ನೂ ಚೆಂದ. ದಿನಕ್ಕೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ಬೆಳೆಯುತ್ತದೆ. ಬುಡದಿಂದ ತುದಿಗೆ ಸಣ್ಣ ಸಣ್ಣ ತುಂಡು ಮಾಡಿದರೆ ದಿನಚರಿಯ ಹಾಗೆ ಓದಬಹುದು. ಮೊದಲು ಕ್ಲೋರೋಫಾರ್ಮ್, ಮೆಥನಾಲ್ ಬೆರಸಿ ತೊಳೆದು ಜಿಡ್ಡು ತೆಗೆಯಬೇಕು. ಆಮೇಲೆ ಅರ್ಧ ಮಿಲಿಗ್ರಾಂ ತುಂಡನ್ನು ಸಾಸಿವೆಗಿಂತ ಸ್ವಲ್ಪ ದೊಡ್ಡ ತವರದ ಬಟ್ಟಲಿಗೆ ಚಿಮಟದಿಂದ ಹಾಕಿ, ಮಡಚಿ ಉಂಡೆ ಮಾಡಬೇಕು. ನಾನು ಈ ಕೆಲಸಕ್ಕೆ ಕೂತಾಗ ಫ್ಯಾನ್ ಆಫ್ ಮಾಡಿಯೇ ಕೂರುವುದು. ಇಲ್ಲದಿದ್ದರೆ ಒಂದು ವಾರದ ಊಟದ ಲೆಕ್ಕ ಹಾರಿ ಹೋಗುತ್ತದೆ. ಉಂಡೆಯನ್ನು ಯಂತ್ರ ಸುಟ್ಟು ಅನಿಲ ಮಾಡಿ, ಭಾರದ ಪರಮಾಣು ಎಷ್ಟು, ಹಗುರದ್ದು ಎಷ್ಟು ಅಂತ ಅಳೆಯುತ್ತದೆ.

ಈಗ ನಿಮ್ಮ ರಾಗಿ. ಇಲ್ಲೇ ಕಷ್ಟ ಇರುವುದು. ರಾಗಿ ಮತ್ತು ಕಾಡಿನ ಹುಲ್ಲು, ಇಂಗಾಲದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಭತ್ತ ತಿಂದರೆ ಸೊಪ್ಪು ತಿಂದ ಹಾಗೆ ಕಾಣುತ್ತದೆ. ಸುಮ್ನೆ ಒಂದು ಸಂಖ್ಯೆ ನೋಡಿ 'ಹೊಲಕ್ಕೆ ನುಗ್ಗಿದೆ' ಅಂದರೆ ಆನೆಗೂ ಅನ್ಯಾಯ, ರೈತನಿಗೂ ಅನ್ಯಾಯ. ಸಾರಜನಕ ಸ್ವಲ್ಪ ಕೈಹಿಡಿಯಬಹುದು. ಕೊಟ್ಟಿಗೆ ಗೊಬ್ಬರ ಹಾಕಿದ ಬೆಳೆಯಲ್ಲಿ ಭಾರದ ಸಾರಜನಕ ಜಾಸ್ತಿ. ಯೂರಿಯಾ ಹಾಕಿದರೆ ಹಾಗಿರುವುದಿಲ್ಲ. ನಿಮ್ಮೂರಲ್ಲಿ ಯಾರು ಏನು ಹಾಕುತ್ತಾರೆ ಅಂತ ಮನೆಮನೆಗೆ ಹೋಗಿ ಕೇಳಲೇಬೇಕು.

ಆದ್ದರಿಂದ ಕೂದಲಿಗೆ ಮೊದಲು ಗಿಡ ಸೇರಿಸಿ. ಹೊಲ, ಕಾಡಂಚು, ಒಳಕಾಡು ಮೂರೂ ಕಡೆಯಿಂದ, ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ. ನೆರಳಲ್ಲಿ ಒಣಗಿಸಿ, ಕಾಗದದ ಕವರಿಗೆ ಹಾಕಿ, ಜಾಗ ಮತ್ತು ತಾರೀಖು ಬರೆದಿಡಿ. ಒಳಕಾಡಿಗೆ ಹೋಗಲಿಕ್ಕೂ ಆನೆಯ ಕೂದಲು ಮುಟ್ಟಲಿಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ಇವತ್ತೇ ಬರೆಯಲು ಶುರು ಮಾಡಿ.