ಜೋಗದ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು?

ಪ್ರಶ್ನೆ: ಬೆಂಗಳೂರಿನಿಂದ ಕಾರಿನಲ್ಲಿ ಜೋಗಕ್ಕೆ ಯಾವಾಗ ಹೋದರೆ ಒಳ್ಳೆಯದು? ದಾರಿಯಲ್ಲಿ ಏನು ನೋಡಬಹುದು?

ಉತ್ತರ: ದೂರ ಸುಮಾರು 400 ಕಿ.ಮೀ. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ, ಸಾಗರದಲ್ಲಿ ತಂಗಿ. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗದ ದಾರಿ ಹಿಡಿಯಿರಿ. ತರೀಕೆರೆ ಬಳಿಯ ಅಮೃತಪುರದ ಹೊಯ್ಸಳ ಗುಡಿಗೆ ಒಂದು ಗಂಟೆ ಸಾಕು. ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ಗುಡಿಯನ್ನಂತೂ ತಪ್ಪಿಸಬೇಡಿ.

ಜೋಗದ ನೀರು ಬರೀ ಮಳೆಯ ಲೆಕ್ಕವಲ್ಲ. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದಿಡುವುದರಿಂದ ಬೇಸಿಗೆಯಲ್ಲಿ 253 ಮೀಟರ್ ಬಂಡೆಯ ಮೇಲೆ ತೆಳ್ಳನೆಯ ಎಳೆಗಳಷ್ಟೇ. ಆಗಸ್ಟ್‌ನಲ್ಲಿ ನೀರೇನೋ ಜೋರು. ಆದರೆ ಮಂಜು ಕವಿದರೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಲ್ಲಿ ಒಂದೂ ಕಾಣದು. ಹಿಂದಿರುಗುವ ಅವಸರ ಬೇಡ, ಗಾಳಿ ಬೀಸಿದರೆ ತೆರೆ ಸರಿಯುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ಡಿಮ್‌ನಲ್ಲೇ ಓಡಿಸಿ.